ಕಳೆಮದ್ದು ಮತ್ತು ಎಳೆಯ ಮೈ

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಪೆರ್ಲದಿಂದ ಅಡ್ಯನಡ್ಕಕ್ಕೆ ಹೋಗುವ ದಾರಿಯಲ್ಲಿ ಸಾರಡ್ಕ ದಾಟಿದರೆ ಕರ್ನಾಟಕ. ನಮ್ಮನ್ನು ಹೊರನಾಡ ಕನ್ನಡಿಗರೆನ್ನುವುದುಂಟು. ರಾಜ್ಯಗಳ ಗಡಿ ಎಳೆದ 1956ರಲ್ಲಿ ನಾವೆಲ್ಲಿಗೂ ಹೋಗಿರಲಿಲ್ಲ, ಗೆರೆಯೇ ಇತ್ತ ಬಂತು. ಗೆರೆಯ ಎರಡೂ ಬದಿಗಳಲ್ಲಿ ಅದೇ ಅಡಿಕೆ ತೋಟ, ಅದೇ ಹುಲ್ಲು, ಹುಲ್ಲು ಹೆರೆಯಲು ಆಳು ಸಿಗದ ಅದೇ ಗೋಳು. ಬೇರೆಯಾಗಿರುವುದು ಕಾನೂನು. ಗ್ಲೈಫೋಸೇಟ್ ಎಂಬ ಕಳೆನಾಶಕದ ಮಾರಾಟ ಮತ್ತು ಬಳಕೆಯನ್ನು ಕೇರಳ ಸರಕಾರ 2019ರಲ್ಲಿ ನಿಷೇಧಿಸಿದಾಗ ಆಚೆ ಬದಿಯ ಅಂಗಡಿಗಳಲ್ಲಿ ಅದು ಸಿಗುತ್ತಲೇ ಇತ್ತು. ನಮ್ಮಲ್ಲಿ ಇದರ ಹೆಸರೂ ‘ಮದ್ದು’. ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣದ ಹೆಸರೂ, ಮಗುವಿನ ಜ್ವರಕ್ಕೆ ಕೊಡುವುದರ ಹೆಸರೂ ಅದೇ.

ಎಣ್ಮಕಜೆಯಂಥ ಊರುಗಳ ಗೇರುತೋಟಗಳ ಮೇಲೆ ಎರಡು ದಶಕಗಳ ಕಾಲ, 2000ದವರೆಗೆ, ಆಕಾಶದಿಂದ ಸುರಿದ ಎಂಡೋಸಲ್ಫಾನ್ ಕಳೆನಾಶಕವಲ್ಲ, ಕೀಟನಾಶಕ. ಆದರೆ ಊನಗೊಂಡ ಮಕ್ಕಳು ಹುಟ್ಟಿದ ಆ ದುರಂತ ನಮ್ಮ ಕಣ್ಣಿಗೆ ಒಂದು ಅಭ್ಯಾಸವನ್ನು ಕಲಿಸಿಬಿಟ್ಟಿದೆ: ವಿಷವೆಂದರೆ ಹುಟ್ಟುವಾಗಲೇ ಕಾಣುವ ಊನ, ಇಲ್ಲವೇ ಕುಡಿದವನ ಸಾವು. ಮಗು ನೆಟ್ಟಗೆ ಹುಟ್ಟಿ, ಓಡಾಡಿ, ಶಾಲೆಗೆ ಹೋದರೆ ಮದ್ದು ಏನೂ ಮಾಡಲಿಲ್ಲವೆಂದು ತೀರ್ಮಾನಿಸುತ್ತೇವೆ. ಹದಿನೆಂಟನೆಯ ವಯಸ್ಸಿನಲ್ಲಿ ಯಾರೂ ಮದ್ದಿನ ಗುರುತನ್ನು ಹುಡುಕುವುದಿಲ್ಲ.

ಹುಡುಕಿದವರಿದ್ದಾರೆ. ಕ್ಯಾಲಿಫೋರ್ನಿಯಾದ ಸಲಿನಾಸ್ ಕಣಿವೆಯ ಕೃಷಿಕಾರ್ಮಿಕ ಕುಟುಂಬಗಳನ್ನು ಬರ್ಕ್ಲಿ ವಿಶ್ವವಿದ್ಯಾಲಯದ ಬ್ರೆಂಡಾ ಎಸ್ಕೆನಾಜಿ ಮತ್ತು ಸಂಗಡಿಗರು ಗರ್ಭಾವಸ್ಥೆಯಿಂದಲೇ ಹಿಂಬಾಲಿಸಿದರು. 480 ತಾಯಿ-ಮಕ್ಕಳ ಜೋಡಿಗಳಿಂದ ಆಯ್ದು ನಡೆಸಿದ ಅಧ್ಯಯನವನ್ನು 2023ರಲ್ಲಿ ಪ್ರಕಟಿಸಿದರು. ಬಾಲ್ಯದಲ್ಲಿ ಯಾರ ಮೂತ್ರದಲ್ಲಿ ಗ್ಲೈಫೋಸೇಟ್ ಒಡೆದು ಉಂಟಾಗುವ ಆಂಪಾ ಎಂಬ ರಾಸಾಯನಿಕ ಹೆಚ್ಚಿತ್ತೋ, ಅವರಲ್ಲಿ 18ನೆಯ ವಯಸ್ಸಿಗೆ ಯಕೃತ್ತಿನ ಉರಿಯೂತದ ಸೂಚಕಗಳೂ, ಸೊಂಟದ ಬೊಜ್ಜು, ರಕ್ತದೊತ್ತಡ, ಸಕ್ಕರೆ, ಕೊಬ್ಬು ಒಟ್ಟಿಗೆ ಕೆಡುವ ಚಯಾಪಚಯ ದೋಷವೂ ಹೆಚ್ಚಾಗಿ ಕಂಡವು. ಇದು ನಂಟು ಮಾತ್ರ. ಇದೊಂದರಿಂದಲೇ ಅದಾಯಿತೆಂಬ ಸಾಕ್ಷ್ಯವಲ್ಲ, ಮತ್ತು ಆ ಮಕ್ಕಳ ದೇಹಕ್ಕೆ ಅದು ಬಹುಪಾಲು ಆಹಾರದ ಮೂಲಕವೇ ಹೋಗಿರಬಹುದೆಂದು ಸಂಶೋಧಕರೇ ಹೇಳಿದ್ದಾರೆ. ಆದರೂ ನಂಟಿಗೆ ಆಧಾರವಾಗಬಲ್ಲ ದಾರಿಗಳಿವೆ. ಗ್ಲೈಫೋಸೇಟ್ ಸಸ್ಯದಲ್ಲಿ ತಡೆಯುವ ಶಿಕಿಮೇಟ್ ಎಂಬ ರಾಸಾಯನಿಕ ಮಾರ್ಗ ಮನುಷ್ಯನ ಜೀವಕೋಶದಲ್ಲಿಲ್ಲ; ಅಂಗಡಿಯವರು ‘ಮನುಷ್ಯರಿಗೇನೂ ಆಗದು’ ಎನ್ನುವುದು ಈ ಬಲದಿಂದಲೇ. ಆದರೆ ನಮ್ಮ ಕರುಳಿನಲ್ಲಿ ನೆಲೆಸಿರುವ ಅನೇಕ ಬ್ಯಾಕ್ಟೀರಿಯಗಳಲ್ಲಿ ಅದು ಇದೆ, ಮತ್ತು ಆ ಬ್ಯಾಕ್ಟೀರಿಯಗಳ ಒಕ್ಕಲು ಮಗುವಿನಲ್ಲಿ ನೆಲೆಗೊಳ್ಳುವುದು ಮೊದಲ ಮೂರು ವರ್ಷಗಳಲ್ಲಿ. ಅಂಗಳದಲ್ಲಿ ಅಂಬೆಗಾಲಿಡುವ ಮಗು ಮಣ್ಣಿನ ಕೈ ಬಾಯಿಗಿಡುತ್ತದೆ; ತನ್ನ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ನೀರು ಕುಡಿಯುತ್ತದೆ, ಹೆಚ್ಚು ಗಾಳಿ ಎಳೆದುಕೊಳ್ಳುತ್ತದೆ.

ಎಳವೆಯ ಕೊರತೆ ನಡುವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆಂಬುದು ಕನ್ನಡನಾಡಿಗೂ ಹೊಸತಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ ಬರೆದಿಟ್ಟ ಪುಸ್ತಕಗಳು ಉಳಿದಿದ್ದುದರಿಂದಲೇ, ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಹೃದ್ರೋಗ ಹೆಚ್ಚೆಂದು ದಶಕಗಳ ಬಳಿಕ ತಿಳಿಯಿತು. ಅಲ್ಲಿ ಸಂಶೋಧಕರಿಗಿಂತ ಮೊದಲು ಕೆಲಸ ಮಾಡಿದವರು ಲೆಕ್ಕ ಬರೆದ ದಾದಿಯರು.

ಹೀಗೆ ಲೆಕ್ಕ ಬರೆದಿಡುವ ವಿಷಯದಲ್ಲಿಯೇ ನನಗೆ ಗಡಿಯ ಎರಡೂ ಬದಿಯ ರೀತಿಗಳು ಸಾಕಾಗವು ಎನಿಸುತ್ತದೆ. ಆಚೆ ಬದಿಯವರು ಹಗಲಿನಲ್ಲಿ, ಎಲ್ಲರೆದುರು, ಬಾವಿಕಟ್ಟೆಯ ಸುತ್ತಲೂ ಸಿಂಪಡಿಸುತ್ತಾರೆ. ಆದರೆ ಯಾವ ಮದ್ದು, ಎಷ್ಟು ಎಂದು ಕೇಳಿದರೆ ಹೇಳುತ್ತಾರೆ. ನಮ್ಮ ಬದಿಯಲ್ಲಿ ನಿಷೇಧವಿರುವುದರಿಂದ ಕೆಲವರು ಸಂಜೆ ಮಬ್ಬಿನಲ್ಲಿ, ಚೀಟಿ ಕಿತ್ತ ಕ್ಯಾನಿನಿಂದ ಸಿಂಪಡಿಸುತ್ತಾರೆ. ಕೇಳಿದರೆ ಮಾತು ಮರೆಸುತ್ತಾರೆ. ನಿಷೇಧ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ನೆರೆಯ ಬಸುರಿಗೆ ತನ್ನ ಬಾವಿಯ ಮೇಲ್ಬದಿಯಲ್ಲಿ ಏನು ಬಿದ್ದಿತೆಂಬುದೇ ಗೊತ್ತಾಗದಂತೆ ಮಾಡುವ ನಿಷೇಧವನ್ನು ಅರ್ಧ ಕೆಲಸವೆಂದೇ ಎಣಿಸುತ್ತೇನೆ. ಅಂಗನವಾಡಿಯಲ್ಲಿ ಕೊಡುವ ತಾಯಿ-ಮಗುವಿನ ಕಾರ್ಡಿನಲ್ಲಿ ತೂಕಕ್ಕೆ ಜಾಗವಿದೆ, ಲಸಿಕೆಗೆ ಜಾಗವಿದೆ; ಮನೆಯ ಬಳಿ ಯಾವ ತಿಂಗಳು ಯಾವ ಮದ್ದು ಸಿಂಪಡಿಸಿದರೆಂದು ಬರೆಯಲು ಒಂದು ಸಾಲೂ ಇಲ್ಲ. ಆ ಸಾಲನ್ನು ಸೇರಿಸಲು, ಬರೆದವರನ್ನು ದಂಡಿಸದಿರಲು, ಎರಡೂ ಸರಕಾರಗಳಿಗೆ ಹೆಚ್ಚು ಖರ್ಚೇನೂ ತಗಲದು.