ಹದಿಹರೆಯದ ಹುಡುಗ, ಹುಡುಗಿಯರ ಕುರಿತ ಸಂದೇಶದ ಬಗ್ಗೆ ಸ್ಪಷ್ಟನೆ

ಡೊಂಬಿವಲಿ, ಠಾಣೆಯ ಕನ್ನಡಿಗರ ವಾಟ್ಸಾಪ್ ಬಳಗಗಳಲ್ಲಿ "ಹುಡುಗಿಯರ ಮೆದುಳು 12ಕ್ಕೇ ಪೂರ್ತಿ ಬೆಳೆದಿರುತ್ತದೆ, ಆ ವಯಸ್ಸಿನ ಹುಡುಗರಿಗೆ ನೋವೇ ತಟ್ಟುವುದಿಲ್ಲ" ಎಂಬ ಸಂದೇಶ ಹರಿದಾಡುತ್ತಿದೆ. ಕಳೆದ ವಾರ ನಾನೂ ಅದನ್ನು ಪರಿಶೀಲಿಸದೆ ಕಳುಹಿಸಿದ್ದೆ. ಅದು ತಪ್ಪು.

ಹುಡುಗಿಯರಲ್ಲಿ ಪ್ರೌಢಾವಸ್ಥೆ ಸಾಮಾನ್ಯವಾಗಿ 8ರಿಂದ 13ರ ನಡುವೆ, ಹುಡುಗರಲ್ಲಿ 9ರಿಂದ 14ರ ನಡುವೆ ಆರಂಭವಾಗುತ್ತದೆ ಎಂಬುದು ನಿಜ. ಆದರೆ ಮುಂದಾಲೋಚನೆಗೂ ಸಂಯಮಕ್ಕೂ ಆಧಾರವಾದ ಮೆದುಳಿನ ಮುಂಭಾಗವು ಇಬ್ಬರಲ್ಲೂ ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಲೇ ಇರುತ್ತದೆ. ತಮ್ಮನ್ನು ತಾವು ಕಾಣುವ ಬಗೆಯಲ್ಲಿ ವ್ಯತ್ಯಾಸವಿಲ್ಲವೆಂದಲ್ಲ. ಈ ವಯಸ್ಸಿನಲ್ಲಿ ತಮ್ಮ ರೂಪ, ಮೈಕಟ್ಟಿನ ಬಗ್ಗೆ ಹುಡುಗಿಯರ ಅತೃಪ್ತಿ ಸರಾಸರಿಯಲ್ಲಿ ಹೆಚ್ಚು, ಆತ್ಮಗೌರವ ತುಸು ಕಡಿಮೆ. ಆದರೆ ಆತ್ಮಗೌರವದ ಈ ಅಂತರ ಚಿಕ್ಕದು. ಒಂದೇ ತರಗತಿಯ ಇಬ್ಬರು ಹುಡುಗಿಯರ ನಡುವೆಯೇ ಅದಕ್ಕಿಂತ ದೊಡ್ಡ ಅಂತರ ಇರಬಲ್ಲದು. ಮನೋವಿಜ್ಞಾನಿ ಜಾನೆಟ್ ಹೈಡ್ 2005ರಲ್ಲಿ ಇಂಥ ವ್ಯತ್ಯಾಸಗಳ ಕುರಿತ 46 ಸಮಗ್ರ ವಿಶ್ಲೇಷಣೆಗಳನ್ನು (ಹಲವು ಅಧ್ಯಯನಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡುವ ವಿಶ್ಲೇಷಣೆಗಳನ್ನು) ಒಟ್ಟಿಗೆ ನೋಡಿದಾಗ, ಗಂಡು ಹೆಣ್ಣಿನ ನಡುವೆ ಕಂಡ ವ್ಯತ್ಯಾಸಗಳಲ್ಲಿ ಶೇ. 78ರಷ್ಟು ಅತ್ಯಲ್ಪ ಅಥವಾ ಶೂನ್ಯಕ್ಕೆ ಹತ್ತಿರವಾಗಿದ್ದವು.

ಸಂದೇಶದ ಎರಡನೆಯ ಮಾತು ನನ್ನನ್ನು ಹೆಚ್ಚು ಕಾಡುತ್ತದೆ. ಖಿನ್ನತೆ ಹದಿಹರೆಯದ ಹುಡುಗಿಯರಲ್ಲಿ ಸುಮಾರು ಇಮ್ಮಡಿಯಾಗಿ ಕಂಡುಬಂದರೂ ಹುಡುಗರು ಅದರಿಂದ ಹೊರತಲ್ಲ; ಅವರಲ್ಲಿ ಅದು ಸಿಡುಕಾಗಿ, ಮೌನವಾಗಿ ತೋರಬಹುದು, ಮನೆಯವರು ಅದನ್ನು ಹಟವೆಂದುಕೊಳ್ಳಬಹುದು. ಮಗ ಮಂಕಾಗಿದ್ದರೆ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಮಾತನಾಡಬಹುದು.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಬಳಗಕ್ಕೆ ಈ ಸ್ಪಷ್ಟನೆಯನ್ನೂ ತಲುಪಿಸಿ.