ಅರ್ಧ ಕೋಳಿ, ಏಳು ಗೆರೆ

ನನ್ನ ಹತ್ತಿರ ಜರ್ಮನ್ ಭಾಷೆಯ ಬಿ1 ಸರ್ಟಿಫಿಕೇಟ್ ಇದೆ. ಪ್ರಯಾಣ, ಊಟ-ತಿಂಡಿ, ದಿನದ ಮಾತುಕತೆಗೆ ಈ ಮನುಷ್ಯನಿಗೆ ತೊಂದರೆಯಾಗದು ಎಂಬುದು ಅದರ ತಾತ್ಪರ್ಯ. ಈ ವಿಷಯ ಕಲೋನ್ ನಗರಕ್ಕೆ ಯಾರೂ ತಿಳಿಸಿರಲಿಲ್ಲ.

ಓದಲೆಂದು ಆಖೆನ್‌ಗೆ ಬಂದು ವರ್ಷವಾಗುತ್ತ ಬಂದಿತ್ತು. ಕಲೋನ್ ಅಲ್ಲಿಂದ ರೈಲಿನಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ. ಆದರೂ ನೋಡಿರಲಿಲ್ಲ. ಸೆಪ್ಟೆಂಬರಿನ ಒಂದು ಶನಿವಾರ ರೂಮ್‌ಮೇಟನ್ನು ಹಾಸಿಗೆಯಿಂದ ಎಬ್ಬಿಸಿ ಹೊರಡಿಸಿದೆ. ಅವನು ಅಪ್ಪಟ ಸಸ್ಯಾಹಾರಿ. ಜರ್ಮನ್‌ನಲ್ಲಿ ಥ್ಯಾಂಕ್ಸ್, ಸಾರಿ ಎರಡೇ ಬರುತ್ತವೆ, ಅವೂ ಕೆಲವೊಮ್ಮೆ ಅದಲುಬದಲಾಗುತ್ತವೆ. "ನೀನಿದ್ದೀಯಲ್ಲ" ಎಂದು ನನ್ನ ಸರ್ಟಿಫಿಕೇಟಿನ ಮೇಲೆ ಭಾರ ಹಾಕಿ ಬಂದ.

ಕಲೋನ್‌ನಲ್ಲಿ ದಾರಿ ತಪ್ಪುವ ಪ್ರಶ್ನೆಯೇ ಇಲ್ಲ ಎಂದು ರೈಲಿನಲ್ಲಿ ಅವನಿಗೆ ಭಾಷಣ ಬಿಗಿದೆ. ಮುಖ್ಯ ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಎದುರಿಗೇ ಕಥೀಡ್ರಲ್, 157 ಮೀಟರ್ ಎತ್ತರ. 1248ರಲ್ಲಿ ಕಟ್ಟಲು ಶುರು ಮಾಡಿ 1880ರಲ್ಲಿ ಮುಗಿಸಿದರು. ನಡುವೆ ಸುಮಾರು ಮುನ್ನೂರು ವರ್ಷ ಕೆಲಸ ನಿಂತೇ ಹೋಗಿ, ಅರ್ಧ ಎದ್ದ ಗೋಪುರದ ಮೇಲೆ ಒಂದು ಕ್ರೇನ್ ಮಾತ್ರ ತಲೆಮಾರುಗಟ್ಟಲೆ ನಿಂತಿತ್ತು. (ಥೀಸಿಸ್ ಎಲ್ಲಿಗೆ ಬಂತು ಎಂದು ಕೇಳುವವರಿಗೆ ಹೇಳಲು ಈ ಕ್ರೇನಿನ ಕಥೆಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ.) ಭಾಷಣ ಮುಗಿಸಿ ಒಂದೇ ಒಂದು ನಿಮಿಷ ಕಣ್ಣು ಮುಚ್ಚಿದೆ.

ಕಣ್ಣು ಬಿಟ್ಟಾಗ ಕೆಳಗೆ ರೈನ್ ನದಿ ಇತ್ತು. ಕಿಟಕಿಯಲ್ಲಿ ಎರಡು ಕಪ್ಪು ಗೋಪುರಗಳು ಮೆಲ್ಲಗೆ ಹಿಂದಕ್ಕೆ ಸರಿಯುತ್ತಿದ್ದವು. ರೂಮ್‌ಮೇಟ್ ವಿಡಿಯೋ ಮಾಡುತ್ತಿದ್ದ.

"ಎಷ್ಟು ಚೆನ್ನಾಗಿ ಕಾಣ್ತಿದೆ ನೋಡೋ. ನಮ್ಮ ಸ್ಟೇಷನ್ ಇನ್ನೂ ಎಷ್ಟು ದೂರ?"

ಹೀಗೆ ನಾವು ನದಿಯಾಚೆ ಡಾಯ್ಟ್ಸ್‌ನಲ್ಲಿ ಇಳಿದೆವು. ಎಡದಂಡೆಯ ಕಲೋನಿಗರು ಈ ಬಲದಂಡೆಯನ್ನು 'ಶೆಲ್ ಸಿಕ್' ಎಂದು ಆಡಿಕೊಳ್ಳುತ್ತಾರೆ, ಎಂದರೆ ತಪ್ಪು ಮಗ್ಗುಲು. ಅಂದು ನಮಗೆ ಅದರಲ್ಲಿ ತಕರಾರೇನೂ ಇರಲಿಲ್ಲ. 409 ಮೀಟರ್ ಉದ್ದದ ಹೋಹೆನ್‌ಜೊಲ್ಲೆರ್ನ್ ಸೇತುವೆಯ ಮೇಲೆ ನಡೆದೇ ಹಿಂದಕ್ಕೆ ಹೊರಟೆವು. ಹಳಿಗಳ ಪಕ್ಕದ ಜಾಲರಿಯ ತುಂಬ ಪ್ರೇಮಿಗಳು ಹಾಕಿದ ಬೀಗಗಳು. ಬೀಗ ಜಡಿದು ಕೀಲಿಕೈ ನದಿಗೆ ಎಸೆಯುವುದು ಪದ್ಧತಿ. ಅವುಗಳ ನಡುವೆ ಯಾರೋ ನಂಬರ್ ತಿರುಗಿಸಿ ತೆಗೆಯುವ ಸೈಕಲ್ ಬೀಗ ಹಾಕಿದ್ದರು. ಪ್ರೀತಿಯೂ ಇದೆ, ಮುಂದಾಲೋಚನೆಯೂ ಇದೆ ಎಂದುಕೊಂಡೆ. ಪ್ರತಿ ಎರಡು ನಿಮಿಷಕ್ಕೊಮ್ಮೆ ಪಕ್ಕದಲ್ಲೇ ಒಂದು ರೈಲು ದಡಗುಟ್ಟಿ ಕಥೀಡ್ರಲ್ ಕಡೆಗೆ ಹೋಗುತ್ತಿತ್ತು. ರೂಮ್‌ಮೇಟ್ ಪ್ರತಿ ಸಲವೂ ಮೊದಲು ರೈಲನ್ನು, ಆಮೇಲೆ ನನ್ನನ್ನು ನೋಡುತ್ತಿದ್ದ.

ಅಷ್ಟರಲ್ಲಿ ಹೊಟ್ಟೆ ಚುರುಗುಟ್ಟಿತು. ಹಳೇ ಊರಿನ ಒಂದು ಬಿಯರ್ ಅಂಗಡಿಯ ಹೊರಗಿನ ಮೇಜು ಹಿಡಿದೆವು. ಇಲ್ಲಿ ಬಡಿಸುವವರನ್ನು ಕ್ಯೋಬೆಸ್ ಎನ್ನುತ್ತಾರೆ. ನೀಲಿ ಅಂಗಿ, ನೀಲಿ ಏಪ್ರನ್, ಗ್ರಾಹಕನೇ ದೇವರು ಎಂಬ ಮಾತನ್ನು ಕೇಳಿಯೇ ಇರದ ಮುಖ. ನಾನು ಗಂಟಲು ಸರಿಮಾಡಿಕೊಂಡು, ದಯವಿಟ್ಟು ಎರಡು ಲೋಟ ನೀರು ಎಂದೆ.

"ಜೊತೆಗೆ ಸೋಪು, ಟವೆಲ್ಲೂ ತರಲೇ?"

"ಬೇಡ, ವಂದನೆಗಳು, ನಾವು ಮನೆಯಲ್ಲೇ ಸ್ನಾನ ಮಾಡಿ ಬಂದಿದ್ದೇವೆ" ಎಂದು ಕ್ರಿಯಾಪದವನ್ನು ಸರಿಯಾದ ಜಾಗದಲ್ಲಿಟ್ಟು ಉತ್ತರಿಸಿದೆ. ಪಕ್ಕದ ಮೇಜಿನವರು ಕೆಮ್ಮಿದರು. ನೀರು ಕೇಳುವವರನ್ನು ಇಲ್ಲಿ ಹೀಗೆ ಕಿಚಾಯಿಸುವುದು ವಾಡಿಕೆ ಎಂದು ತಿಳಿದದ್ದು ವಾರದ ಮೇಲೆ. ನೀರಂತೂ ಬರಲಿಲ್ಲ, ಎರಡು ಸಣ್ಣ ಲೋಟ ಬಿಯರ್ ಬಂತು. ಅದರ ಹೆಸರು ಕ್ಯೋಲ್ಷ್. ಊರಿನ ಆಡುನುಡಿಯ ಹೆಸರೂ ಕ್ಯೋಲ್ಷ್. ಮೆನು ಕೂಡ ಆ ನುಡಿಯಲ್ಲೇ ಇತ್ತು. ಬಿ1 ಪರೀಕ್ಷೆಯಲ್ಲಿ ಅದನ್ನು ಕೇಳುವುದಿಲ್ಲ.

ಆದರೂ ಎರಡು ಸಾಲು ಬಿಡಿಸಿದೆ. 'ಹಾಲ್ವೆ ಹಾನ್' ಎಂದರೆ ಅರ್ಧ ಕೋಳಿ, ಅದು ನನಗೆ. 'ಹಿಮ್ಮೆಲ್ ಉನ್ ಎಡ್' ಎಂದರೆ ಸ್ವರ್ಗ ಮತ್ತು ಭೂಮಿ. ಮರದ ಮೇಲಿನ ಸೇಬು ಸ್ವರ್ಗ, ನೆಲದೊಳಗಿನ ಆಲೂಗಡ್ಡೆ ಭೂಮಿ ಎಂದು ಎಲ್ಲೋ ಓದಿದ್ದು ನೆನಪಾಯಿತು. ಇದಕ್ಕಿಂತ ಸಾತ್ವಿಕ ಊಟ ಇದ್ದೀತೇ? ರೂಮ್‌ಮೇಟಿಗೆ ಅದನ್ನೇ ಹೇಳಿದೆ.

ನನ್ನ ಮುಂದೆ ಬಂದ ತಟ್ಟೆಯಲ್ಲಿ ಒಂದು ರೈ ಬನ್ನು, ಬೆಣ್ಣೆ, ದಪ್ಪ ಗೌಡಾ ಚೀಸ್ ತುಂಡು, ಸಾಸಿವೆ, ಹೆಚ್ಚಿದ ಈರುಳ್ಳಿ. ಬನ್ನು ಎತ್ತಿ ನೋಡಿದೆ. ಕೋಳಿ ಇರಲಿಲ್ಲ. ಮೆನು ಮತ್ತೆ ನೋಡಿದೆ, ಅರ್ಧ ಕೋಳಿ ಇತ್ತು. ಅವನ ತಟ್ಟೆಯಲ್ಲಿ ಆಲೂಗಡ್ಡೆ ಪಲ್ಪು, ಬೆಂದ ಸೇಬು ಎಲ್ಲ ಹೇಳಿದ ಹಾಗೇ ಇದ್ದವು. ಅವುಗಳ ಮೇಲೆ ಹುರಿದ ಕಡುಗಪ್ಪು ಬಿಲ್ಲೆಗಳು.

"ಇದು ಬದನೆಕಾಯೇನೋ?"

ಕ್ಯೋಬೆಸ್‌ನನ್ನು ಕೇಳಿದೆ. "ರಕ್ತದ ಸಾಸೇಜ್" ಎಂದ. ಅದೊಂದನ್ನು ಮಾತ್ರ ನನಗೆ ಅರ್ಥವಾಗುವಂತೆ ಶುದ್ಧ ಪಠ್ಯಪುಸ್ತಕದ ಜರ್ಮನ್‌ನಲ್ಲಿ ಹೇಳಿದ. ಇಬ್ಬರೂ ಮಾತಿಲ್ಲದೆ ತಟ್ಟೆ ಬದಲಾಯಿಸಿಕೊಂಡೆವು. ಇಡೀ ದಿನದಲ್ಲಿ ತಂಟೆಯಿಲ್ಲದೆ ನಡೆದ ವ್ಯವಹಾರ ಅದೊಂದೇ.

ಇತ್ತ ಲೋಟದ ಸಮಸ್ಯೆ ಶುರುವಾಯಿತು. ಕ್ಯೋಲ್ಷ್ ಲೋಟ ಬರೀ 200 ಮಿಲಿ. ನಾನು ಮುಗಿಸಿದ ಕೂಡಲೇ ಕ್ಯೋಬೆಸ್ ಕೇಳದೆ ಇನ್ನೊಂದು ಇಟ್ಟು, ಲೋಟದಡಿಯ ರಟ್ಟಿನ ಬಿಲ್ಲೆಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆದು ಹೋಗುತ್ತಿದ್ದ. ಎದುರಿಗಿಟ್ಟದ್ದನ್ನು ಬಿಟ್ಟರೆ ಅವಮಾನವೆಂದು ನಾನು ಕುಡಿಯುತ್ತಿದ್ದೆ. ಖಾಲಿ ಲೋಟ ನೋಡಲಾರದೆ ಅವನು ತುಂಬಿದ್ದನ್ನು ತರುತ್ತಿದ್ದ. ಸೋಲಲು ಇಬ್ಬರೂ ಸಿದ್ಧರಿರಲಿಲ್ಲ. ವಿಚಿತ್ರವೆಂದರೆ ರೂಮ್‌ಮೇಟಿನ ಹತ್ತಿರ ಅವನು ಸುಳಿಯಲೇ ಇಲ್ಲ. ಕಣಜವೊಂದು ಮೂಸುತ್ತಿತ್ತೆಂದು ಇವನು ಮೊದಲ ಲೋಟದ ಮೇಲೆಯೇ ಬಿಲ್ಲೆ ಮುಚ್ಚಿಟ್ಟಿದ್ದ. ಪಾಪ, ಇವನನ್ನು ಕಡೆಗಣಿಸುತ್ತಿದ್ದಾರೆ ಎಂದು ನನಗೆ ಸಂಕಟ.

ಏಳನೇ ಗೆರೆ ಬಿದ್ದಾಗ ಪಕ್ಕದ ಮೇಜಿನ ಅಜ್ಜಿಗೆ ಕರುಣೆ ಬಂತು. ರೂಮ್‌ಮೇಟಿನ ಲೋಟ ತೋರಿಸಿ, ಸಾಕು ಎನ್ನಬೇಕಾದರೆ ಹೀಗೆ ಬಿಲ್ಲೆ ಮುಚ್ಚಬೇಕು, ಇಲ್ಲದಿದ್ದರೆ ಬರುತ್ತಲೇ ಇರುತ್ತದೆ ಎಂದರು. "ನಿನ್ನ ಗೆಳೆಯನಿಗೆ ಗೊತ್ತಿದೆಯಲ್ಲ!" ಎಂದು ಅವನ ಬೆನ್ನೂ ತಟ್ಟಿದರು. ಅವನು ಸಾರಿ ಎಂದ.

ಏಳು ಗೆರೆ ಎಂದರೆ 1.4 ಲೀಟರ್. ಆ ಉದಾರ ಸ್ಥಿತಿಯಲ್ಲಿ ಜೇಬಿನ ಚಿಲ್ಲರೆಯನ್ನೆಲ್ಲ ಟಿಪ್ಸ್ ಇಟ್ಟು ಎದ್ದೆ. ನೇರ ಹೋಗಿದ್ದು ಕಥೀಡ್ರಲಿನ ದಕ್ಷಿಣ ಗೋಪುರ ಹತ್ತಲು.

ಮೆಟ್ಟಿಲು 533. ಸುರುಳಿ ಮೆಟ್ಟಿಲು. ಹತ್ತುವವರೂ ಇಳಿಯುವವರೂ ಗೋಡೆಗೆ ಅಂಟಿಕೊಂಡು ಒಬ್ಬರನ್ನೊಬ್ಬರು ದಾಟಬೇಕು. ತಲೆ ಮೊದಲೇ ಒಂದು ದಿಕ್ಕಿಗೆ ತಿರುಗುತ್ತಿತ್ತು, ಮೆಟ್ಟಿಲೂ ಅದೇ ದಿಕ್ಕಿಗೆ ತಿರುಗುತ್ತಿದ್ದರಿಂದ ಅಷ್ಟೇನೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ಘಂಟೆಗಳ ಅಂತಸ್ತಿನಲ್ಲಿ. ಅಲ್ಲಿ 'ದಪ್ಪ ಪೀಟರ್' ಎಂಬ 24 ಟನ್ ತೂಕದ ಘಂಟೆ ತೂಗುತ್ತದೆ. ಅದನ್ನು ದೊಡ್ಡ ಹಬ್ಬಗಳಲ್ಲಷ್ಟೇ ಬಾರಿಸುತ್ತಾರೆ. ಅದರ ಮುಂದೆ ಎರಡೂ ಮಂಡಿ ಜೋಡಿಸಿ ನಿಂತು, ಸ್ವಾಮೀ, ಇವತ್ತು ಹಬ್ಬವಾಗದಿರಲಿ, ಈ ಸ್ಥಿತಿಯಲ್ಲಿ ನಾನು ಬೆಚ್ಚಿಬೀಳುವಂತಿಲ್ಲ ಎಂದು ಬೇಡಿಕೊಂಡೆ. ಮೇಲಿನಿಂದ ರೈನ್ ನದಿ ಬಹಳ ಸುಂದರವಾಗಿ ಕಾಣುತ್ತದಂತೆ. ನನಗೆ ಅಷ್ಟೊಂದು ನೀರು ಹರಿಯುವುದನ್ನು ನೋಡುವ ಧೈರ್ಯವಿರಲಿಲ್ಲ.

ಇಳಿದದ್ದು ಹೇಗೋ ನೆನಪಿಲ್ಲ. ರೈಲು ನಿಲ್ದಾಣದ ಶೌಚಾಲಯಕ್ಕೆ ಓಡಿದರೆ ಬಾಗಿಲಲ್ಲಿ ನಾಣ್ಯ ಹಾಕುವ ಗೇಟು. ಕಾರ್ಡೂ ನಡೆಯುತ್ತಿತ್ತೋ ಏನೋ, ನಿಂತು ಸೂಚನೆ ಓದುವ ಮಟ್ಟದಲ್ಲಿ ನಾನಿರಲಿಲ್ಲ. ಜೇಬಿನಲ್ಲಿ ಇಪ್ಪತ್ತರ ನೋಟೊಂದೇ. ಪಕ್ಕದ ಅಂಗಡಿಗೆ ನುಗ್ಗಿ ಚಿಲ್ಲರೆಗಾಗಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡೆ. ಸಿಕ್ಕಿದ್ದು ನೀರಿನ ಬಾಟಲಿ. ಬೆಳಗಿನಿಂದ ಕೇಳಿದರೂ ಸಿಗದ ನೀರು! ಖಾಲಿ ಬಾಟಲಿ ಮರಳಿಸಿದರೆ 25 ಸೆಂಟ್ ವಾಪಸ್ ಬರುತ್ತದೆ. ಆದರೆ ಮೊದಲು ಅದನ್ನು ಯಾರಾದರೂ ಕುಡಿದು ಖಾಲಿ ಮಾಡಬೇಕು.

ಹತ್ತು ನಿಮಿಷದ ಮೇಲೆ, ಲೋಕದ ಮೇಲೆಲ್ಲ ಪ್ರೀತಿ ಉಕ್ಕಿ, ಪ್ಲಾಟ್‌ಫಾರ್ಮಿಗೆ ಬಂದೆ. ಬೆಳಿಗ್ಗೆ ಬಂದದ್ದೂ ಆರ್‌ಇ 1 ರೈಲು, ಎದುರಿಗೆ ನಿಂತಿದ್ದದ್ದೂ ಆರ್‌ಇ 1. "ಇದೇ ಕಣೋ, ಹತ್ತು!" ಎಂದು ರೂಮ್‌ಮೇಟನ್ನು ತಳ್ಳಿಕೊಂಡು ಹತ್ತಿದೆ. ಆಖೆನ್ ಕೊನೆಯ ನಿಲ್ದಾಣ, ಈ ಸಲ ಮಲಗಿದರೂ ಮುಂದೆ ಹೋಗುವ ಭಯವಿಲ್ಲ ಎಂದು ಅವನಿಗೆ ವಿವರಿಸಿದೆ.

ಬಾಗಿಲು ಮುಚ್ಚಿತು, ರೈಲು ಹೊರಟಿತು. ಅವನು ಕಿಟಕಿಯಾಚೆ ನೋಡಿದ. ನನ್ನನ್ನು ನೋಡಿದ. ಏನೂ ಮಾತಾಡದೆ ಫೋನ್ ಹೊರತೆಗೆದ.

ಸಂಜೆಯ ಬಿಸಿಲಿನಲ್ಲಿ ಎರಡು ಗೋಪುರಗಳು ಮೆಲ್ಲಗೆ ಹಿಂದಕ್ಕೆ ಸರಿಯುತ್ತಿದ್ದವು. "ಬೆಳಿಗ್ಗೆಗಿಂತ ಈಗ ಬೆಳಕು ಚೆನ್ನಾಗಿದೆ" ಎಂದ.