ಮುದ್ದೆ ಹಾಸ್ಟೆಲ್ಲು, ಗ್ರೀಕ್ ಅಕ್ಷರ

ಪಕ್ಕದ ಮನೆಯ ತಾತ ಹೋದ ಚಳಿಗಾಲದಲ್ಲಿ ತೀರಿಕೊಂಡರು. 81 ವರ್ಷ, ಹೈಸ್ಕೂಲಿನ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಅಟ್ಲಾಂಟಾದ ಹೊರವಲಯದ ನಮ್ಮ ಬೀದಿಯಲ್ಲಿ ಬೆಳಗ್ಗೆ ಆರಕ್ಕೇ ಎದ್ದು ಎಲೆ ಗುಡಿಸುತ್ತಿದ್ದವರು ಅವರೊಬ್ಬರೇ. ಅವರ ಕಾರಿನ ನಂಬರ್ ಪ್ಲೇಟಿನ ಸುತ್ತ ಕಪ್ಪು-ಚಿನ್ನದ ಬಣ್ಣದ ಚೌಕಟ್ಟಿತ್ತು, ಅದರ ಮೇಲೆ ಆಲ್ಫಾ, ಫೈ, ಆಲ್ಫಾ ಎಂದು ಮೂರು ಗ್ರೀಕ್ ಅಕ್ಷರ. ಎಂಜಿನಿಯರಿಂಗ್ ಓದಿದ ನನ್ನ ಕಣ್ಣಿಗೆ ಅದು ಆರು ವರ್ಷ ಯಾವುದೋ ಸಮೀಕರಣದ ತುಂಡಿನ ಹಾಗೇ ಕಂಡಿತ್ತು.

ಮಣ್ಣಿನ ಹಿಂದಿನ ಸಂಜೆ ಚರ್ಚಿಗೆ ಹೋದೆವು. ನಲವತ್ತು ಜನ ಗಂಡಸರು, ಎಲ್ಲರಿಗೂ ಕಪ್ಪು ಸೂಟು, ಚಿನ್ನದ ಬಣ್ಣದ ಟೈ. ಅವರಲ್ಲಿ ಮೀಸೆ ಚಿಗುರುತ್ತಿದ್ದ ಹುಡುಗರಿದ್ದರು, ಊರುಗೋಲು ಹಿಡಿದವರೂ ಇದ್ದರು. ಶವಪೆಟ್ಟಿಗೆಯ ಸುತ್ತ ಕೈ ಕೈ ಹಿಡಿದು ನಿಂತು ಒಂದು ಹಾಡು ಹೇಳಿದರು. ಆಮೇಲೆ ಒಬ್ಬರು ತಾತನ ಹೆಸರು ಓದಿ, ಈ ಸೋದರ ಇಂದಿನಿಂದ ಒಮೆಗಾ ಶಾಖೆಗೆ ವರ್ಗವಾಗಿದ್ದಾರೆ ಎಂದರು. ಒಮೆಗಾ ಗ್ರೀಕ್ ವರ್ಣಮಾಲೆಯ ಕೊನೆಯ ಅಕ್ಷರ. ಅವರ ಲೆಕ್ಕದಲ್ಲಿ ಸದಸ್ಯ ಸಾಯುವುದಿಲ್ಲ, ಆ ಶಾಖೆಗೆ ಟ್ರಾನ್ಸ್‌ಫರ್ ಆಗುತ್ತಾನೆ. ತಾತನಿಗೆ ಮಕ್ಕಳಿದ್ದದ್ದು ಇಬ್ಬರು. ಹೊತ್ತವರು ಮಾತ್ರ ಇವರು.

ಹೊರಬಂದಾಗ ನನ್ನವಳು, "ಇವರೆಲ್ಲ ನೆಂಟರಾ?" ಎಂದಳು. ಕಾಲೇಜಿನ ಗೆಳೆಯರಂತೆ ಎಂದೆ. ನಂಬಲಿಲ್ಲ. ಅರ್ಧಕ್ಕರ್ಧ ಜನ ತಾತ ಕಾಲೇಜು ಬಿಟ್ಟಾಗ ಹುಟ್ಟೇ ಇರಲಿಲ್ಲವಲ್ಲ!

ತಾತನ ಕಾರಿನ ಮೇಲಿದ್ದ ಆ ಗ್ರೀಕ್ ಅಕ್ಷರಗಳು ಅವರ ಫ್ರೆಟರ್ನಿಟಿಯ, ಅಂದರೆ ಕಾಲೇಜು ಹುಡುಗರು ಕಟ್ಟಿಕೊಳ್ಳುವ ಸೋದರ ಸಂಘದ, ಹೆಸರು. ಫ್ರೆಟರ್ನಿಟಿ ಎಂದರೆ ಸಿನಿಮಾದಲ್ಲಿ ನೋಡಿದ ಬಿಯರ್ ಪಾರ್ಟಿ ಎಂದೇ ನಾನೂ ತಿಳಿದಿದ್ದೆ. ಅದೂ ಸುಳ್ಳಲ್ಲ. ಆದರೆ ಇದರ ಬೇರು ಹಳೆಯದು. 1776ರಲ್ಲಿ ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಗ್ರೀಕ್ ಅಕ್ಷರ ಇಟ್ಟುಕೊಂಡ ಮೊದಲ ಗುಟ್ಟಿನ ಸಂಘ ಹುಟ್ಟಿತು. ಈಗಿನ ತರಹದ ಫ್ರೆಟರ್ನಿಟಿಗಳಲ್ಲಿ ಹಳೆಯದು ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ 1825ರಲ್ಲಿ ಶುರುವಾಯಿತು. ಹೊಸ ಹುಡುಗರು ಫ್ರೆಟರ್ನಿಟಿಗಳ ಮನೆ ಮನೆ ಸುತ್ತುವುದು 'ರಷ್'. ಒಳಗಿದ್ದವರು ಒಪ್ಪಿ ಕರೆದರೆ 'ಬಿಡ್'. ಆಮೇಲೆ ಕೆಲವು ವಾರ ಪರೀಕ್ಷೆಯ ಕಾಲ, ಅದು 'ಪ್ಲೆಡ್ಜಿಂಗ್'. ದಾಟಿದರೆ ಆಯುಷ್ಯಪೂರ್ತಿ ಸೋದರ. ಅಧ್ಯಕ್ಷರಾಗಿದ್ದ ಅಪ್ಪ ಬುಷ್, ಮಗ ಬುಷ್ ಇಬ್ಬರೂ ಯೇಲ್‌ನಲ್ಲಿ ಡೆಲ್ಟಾ ಕಪ್ಪಾ ಎಪ್ಸಿಲಾನ್‌ನವರು. ಇನ್ನೊಬ್ಬ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಮಿಷಿಗನ್‌ನಲ್ಲಿ ಅದರದೇ ಶಾಖೆಯವರು. ಇಂಥವರ ಮಕ್ಕಳಿಗೆ ಫ್ರೆಟರ್ನಿಟಿ ಸಿಗದಿದ್ದರೂ ಬಾಗಿಲು ತೆರೆದೇ ಇರುತ್ತಿತ್ತು.

ತಾತನದು ಬೇರೆ ಕಥೆ. ಆಲ್ಫಾ ಫೈ ಆಲ್ಫಾ ಹುಟ್ಟಿದ್ದು 1906ರ ಡಿಸೆಂಬರಿನಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಓದಲು ಬಂದ ಬೆರಳೆಣಿಕೆಯ ಕಪ್ಪು ಹುಡುಗರಿಗೆ ಬಿಳಿಯರ ಸಂಘದ ಮೆಟ್ಟಿಲು ಹತ್ತುವಂತಿರಲಿಲ್ಲ. ಮೊದಲ ವರ್ಷಕ್ಕೇ ಓದು ಬಿಟ್ಟು ಹೋಗುವವರು ಇದ್ದರು. ಉಳಿಯಬೇಕಾದರೆ ಒಬ್ಬರನ್ನೊಬ್ಬರು ಹಿಡಿದುಕೊಳ್ಳಬೇಕಿತ್ತು. ಏಳು ಜನ ಸೇರಿ ಕಟ್ಟಿದ್ದನ್ನು ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿಯಾದ ಥರ್ಗುಡ್ ಮಾರ್ಷಲ್ ಸೇರಿದರು. ಮಾರ್ಟಿನ್ ಲೂಥರ್ ಕಿಂಗ್ ಸೇರಿದ್ದು 1952ರಲ್ಲಿ, ಬಾಸ್ಟನ್‌ನಲ್ಲಿ ಡಾಕ್ಟರೇಟ್ ಮಾಡುವಾಗ. ಈ ಫ್ರೆಟರ್ನಿಟಿಯಲ್ಲಿ ಪದವಿ ಮುಗಿದವರಿಗೇ ಬೇರೆ ಶಾಖೆಗಳಿವೆ. ಕೆಲಸಕ್ಕೆ ಸೇರಿದ ಊರಿನಲ್ಲಿ ಅಲ್ಲಿನ ಶಾಖೆಗೆ ಹೆಸರು ಹಚ್ಚಿ, ವರ್ಷ ವರ್ಷ ಚಂದಾ ಕಟ್ಟಿ, ತಿಂಗಳ ಮೀಟಿಂಗಿಗೆ ಹೋಗಬೇಕು. ವಾಷಿಂಗ್ಟನ್ನಿನಲ್ಲಿ ಕಿಂಗ್ ಸ್ಮಾರಕವಿದೆಯಲ್ಲ, ಅದಕ್ಕೆ 1984ರಲ್ಲಿ ಹೊರಟವರು ಈ ಆಲ್ಫಾಗಳೇ. ಅದು ಬಾಗಿಲು ತೆರೆದದ್ದು 2011ರಲ್ಲಿ. 27 ವರ್ಷ ಒಂದೇ ಕೆಲಸ ಹಿಡಿದುಕೊಂಡು ಕೂರುವುದು ಬರೀ ಕಾಲೇಜು ಸ್ನೇಹದಿಂದ ಆಗುವ ಮಾತಲ್ಲ.

1906 ಎಂದಾಗ ನನಗೆ ಮೈಸೂರು ನೆನಪಾಗದೆ ಇರಲಿಲ್ಲ. ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘ ಹುಟ್ಟಿದ ವರ್ಷವೂ ಅದೇ. ಅದರ ಆಸುಪಾಸಿನಲ್ಲೇ ಒಂದೊಂದು ಸಮುದಾಯ ತನ್ನ ಸಂಘ ಕಟ್ಟಿ, ಮಠದಿಂದಲೋ ದಾನಿಗಳಿಂದಲೋ ಹಣ ತಂದು, ಹಳ್ಳಿ ಹುಡುಗರಿಗೆ ಪೇಟೆಯಲ್ಲಿ ಅನ್ನ ಹಾಕುವ ಹಾಸ್ಟೆಲ್ ತೆರೆಯಿತು. ವಾರಾನ್ನಕ್ಕೆ ಮನೆಗಳು ಸಿಗದ ಹುಡುಗರು ಓದುವುದಾದರೂ ಹೇಗೆ? ಸಂಸ್ಥಾನದ ನೌಕರಿಗಳೆಲ್ಲ ಒಂದೇ ಜಾತಿಯವರ ಕೈಯಲ್ಲಿವೆ ಎಂಬ ದೂರು ವಿಚಾರಿಸಲು 1918ರಲ್ಲಿ ಮಿಲ್ಲರ್ ಸಮಿತಿ ಕೂತಿತಲ್ಲ, ಆ ಕಾಲ. ಕಾರ್ನೆಲ್‌ನ ಏಳು ಹುಡುಗರಿಗೂ ಮೈಸೂರಿನ ಈ ಹುಡುಗರಿಗೂ ಇದ್ದದ್ದು ಮುಚ್ಚಿದ ಬಾಗಿಲೇ.

ನಾನು ಉಂಡು ಬೆಳೆದದ್ದು ಅಂಥದೇ ಒಂದು ಹಾಸ್ಟೆಲಿನಲ್ಲಿ, 1994ರಿಂದ ನಾಲ್ಕು ವರ್ಷ. ಅರ್ಜಿಯ ಜೊತೆ ತಹಶೀಲ್ದಾರರ ಜಾತಿ ಸರ್ಟಿಫಿಕೇಟು. ಇಲ್ಲಿನ ಹಾಗೆ ಮನೆ ಮನೆ ಸುತ್ತುವುದಿಲ್ಲ, ಹುಟ್ಟುವಾಗಲೇ 'ಬಿಡ್' ಸಿಕ್ಕಾಗಿತ್ತು. ರಾತ್ರಿ ಏಳೂವರೆಗೆ ಗಂಟೆ, ತಟ್ಟೆ ಹಿಡಿದು ಸಾಲು, ಮುದ್ದೆ, ಸೊಪ್ಪಿನ ಸಾರು. ಸೇರಿದ ಮೊದಲ ವಾರ ಸೀನಿಯರ್ ಒಬ್ಬ ಬೆಂಕಿಕಡ್ಡಿ ಕೊಟ್ಟು, ಕಾರಿಡಾರ್ ಎಷ್ಟು ಕಡ್ಡಿ ಉದ್ದ ಅಳೆದು ಹೇಳು ಎಂದ. ಮಂಡಿಯೂರಿಕೊಂಡು ಅಳೆದೆ. ಹೇಳಿದ ಲೆಕ್ಕ ತಪ್ಪು ಎಂದು ಮತ್ತೆ ಅಳೆಸಿದ.

1998ರಲ್ಲಿ ಬೆಂಗಳೂರಿಗೆ ಬಂದಾಗ, ರಾಜಾಜಿನಗರದ ತನ್ನ ರೂಮಿನಲ್ಲಿ ಮೂರು ತಿಂಗಳು ನನಗೆ ಚಾಪೆ ಹಾಸಿಕೊಟ್ಟವನೂ ಅವನೇ. ತನ್ನ ಕಂಪನಿಯಲ್ಲಿ "ನಮ್ ಹುಡ್ಗ, ಒಂದ್ಸಲ ನೋಡಿ ಸಾರ್" ಎಂದು ಇಂಟರ್‌ವ್ಯೂ ಕೊಡಿಸಿದ. ಅಮೆರಿಕದ ಈಶಾನ್ಯದ ಒಂದು ಸಣ್ಣ ಕಾಲೇಜಿನ ವಿದ್ಯಾರ್ಥಿಗಳನ್ನು ಹಿಡಿದು ಕೆಲವು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ನಾಲ್ಕಕ್ಕೆ ಎಣಿಸುವ ಅಂಕದಲ್ಲಿ ಫ್ರೆಟರ್ನಿಟಿ ಸುಮಾರು ಕಾಲು ಅಂಕ ಕಳೆಯುತ್ತದೆ, ಮುಂದಿನ ಸಂಪಾದನೆಯನ್ನು ಸುಮಾರು ಶೇ. 36ರಷ್ಟು ಏರಿಸುತ್ತದೆ ಎಂದು. ಒಂದೇ ಕಾಲೇಜಿನ ಲೆಕ್ಕ, ಎಲ್ಲ ಕಡೆಗೂ ಅಂಟಿಸಬಾರದು. ಆದರೆ ಓದಿದಾಗ ನನಗೆ ಕಂಡದ್ದು ಆ ರಾಜಾಜಿನಗರದ ಚಾಪೆ. ನನ್ನಷ್ಟೇ ಓದಿ, "ನಮ್ ಹುಡ್ಗ" ಎನ್ನುವವರು ಯಾರೂ ಇಲ್ಲದೆ ಆ ಇಂಟರ್‌ವ್ಯೂ ಸಿಗದೇ ಹೋದವನೂ ಒಬ್ಬ ಇದ್ದಿರಬೇಕು. ಅವನು ಯಾವ ಲೆಕ್ಕದಲ್ಲೂ ಬರುವುದಿಲ್ಲ.

ಗೋಳು ಹುಯ್ದುಕೊಂಡರೆ ನಂಟು ಗಟ್ಟಿಯಾಗುತ್ತದೆ ಎಂದು ಇಲ್ಲೂ ವಾದಿಸುತ್ತಾರೆ. ನನಗೆ ಕಡ್ಡಿ ಕೊಟ್ಟವನೇ ಚಾಪೆಯನ್ನೂ ಕೊಟ್ಟನಾದ್ದರಿಂದ ನಾನು ಅದಕ್ಕೆ ಸಾಕ್ಷಿಯಂತೆ ಕಾಣಬಹುದು. ಅಲ್ಲ. ಕಡ್ಡಿ ಕೊಡದಿದ್ದರೂ ಅವನು ಚಾಪೆ ಕೊಡುತ್ತಿದ್ದ, ಅವನ ಸ್ವಭಾವವೇ ಹಾಗೆ. 2017ರಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಒಂದು ಫ್ರೆಟರ್ನಿಟಿಯಲ್ಲಿ 19 ವರ್ಷದ ಹುಡುಗನಿಗೆ ಸೇರ್ಪಡೆಯ ರಾತ್ರಿ ಕಂಠಪೂರ್ತಿ ಕುಡಿಸಿದರು. ಅವನು ಮೆಟ್ಟಿಲಿಂದ ಉರುಳಿಬಿದ್ದ ಮೇಲೂ 'ಸೋದರರು' ಬೆಳಗಿನವರೆಗೆ ಆಂಬುಲೆನ್ಸ್ ಕರೆಯಲಿಲ್ಲ. ಹುಡುಗ ಉಳಿಯಲಿಲ್ಲ. ಹೊಸಬರನ್ನು ಹೀಗೆ ಗೋಳು ಹುಯ್ದುಕೊಳ್ಳುವುದರ ಬಗ್ಗೆ ಇಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಬಂದದ್ದು 2024ರ ಡಿಸೆಂಬರಿನಲ್ಲಿ. ನಮ್ಮಲ್ಲಿ ಯುಜಿಸಿಯ ರ‍್ಯಾಗಿಂಗ್ ನಿಯಮ 2009ರಲ್ಲೇ ಬಂತು. ಈ ಒಂದು ವಿಷಯಕ್ಕೆ ನಾವೇ ಮುಂದು.

ಇಷ್ಟೆಲ್ಲ ಯೋಚನೆ ಹತ್ತಿದ್ದು ಮಗನಿಂದ. ಕಾಲೇಜಿನ ಎರಡನೇ ವರ್ಷ, ಫೋನ್ ಮಾಡಿ ದಕ್ಷಿಣ ಏಷ್ಯಾದವರ ಒಂದು ಫ್ರೆಟರ್ನಿಟಿಗೆ ಸೇರುತ್ತೇನೆ, ಸೆಮಿಸ್ಟರಿಗೆ ಇಷ್ಟು ಚಂದಾ ಎಂದ. ಇಂಥವು 1990ರ ದಶಕದಲ್ಲಿ ನಮ್ಮಂಥವರ ಮಕ್ಕಳೇ ಕಟ್ಟಿಕೊಂಡವು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 1996ರಲ್ಲಿ ಒಂದು, ಟೆಕ್ಸಸ್‌ನಲ್ಲಿ 1998ರಲ್ಲಿ ಇನ್ನೊಂದು. "ದುಡ್ಡು ಕೊಟ್ಟು ಸ್ನೇಹಿತರನ್ನ ತಗೊಳ್ತೀಯೇನೋ?" ಎಂದಳು ಅವನಮ್ಮ. ನಾನು ತಿಳಿದವನ ಹಾಗೆ ನಮ್ಮ ಹಾಸ್ಟೆಲಿನ ಕಥೆ ಹೇಳಿದೆ. ಒಂದು ಪೈಸೆ ಕೊಡಲಿಲ್ಲ ಕಣೋ, ಮೂವತ್ತು ವರ್ಷ ಆದರೂ ವಾಟ್ಸಾಪಿನಲ್ಲಿ ಒಟ್ಟಿಗಿದ್ದೀವಿ ಎಂದೆ.

"ನಮ್ಮಲ್ಲಿ ಇಬ್ಬರು ಕೊರಿಯನ್ನರು, ಒಬ್ಬ ಕರಿಯ ಹುಡುಗ ಇದ್ದಾನೆ ಅಪ್ಪ. ನಿಮ್ಮ ಹಾಸ್ಟೆಲಲ್ಲಿ ಬೇರೆ ಜಾತಿಯವರು ಇದ್ರಾ?"

"ಒಬ್ಬ ಬರ್ತಿದ್ದ," ಎಂದೆ. "ಬೆಳಗ್ಗೆ, ಕಕ್ಕಸು ತೊಳೆಯೋಕೆ."

ಅವನು ಏನೂ ಹೇಳಲಿಲ್ಲ. ಆ ರಾತ್ರಿಯೇ ಅವನ ಚಂದಾ ಕಳಿಸಿದೆ. ಫೋನು ಕೈಯಲ್ಲಿದ್ದದ್ದಕ್ಕೆ ಹಾಸ್ಟೆಲ್ ಗುಂಪನ್ನೂ ತೆರೆದೆ. ಕಟ್ಟಡಕ್ಕೆ ನೂರು ವರ್ಷ ತುಂಬುತ್ತಿದೆ, ಸೂರು ಸೋರುತ್ತಿದೆ, ಕೈಲಾದಷ್ಟು ಕಳಿಸಿ ಎಂಬ ಮೆಸೇಜು ಮೂರು ವಾರದಿಂದ ಅಲ್ಲೇ ಬಿದ್ದಿತ್ತು. ಗುಂಪಿನಲ್ಲಿರುವವರು 112 ಜನ, ಕೈಮುಗಿದ ಚಿತ್ರ ಹಾಕಿದವರು ಎಪ್ಪತ್ತರ ಮೇಲೆ, ಹಣ ಹಾಕಿದವರು ಒಂಬತ್ತು. ನನ್ನ ಸೀನಿಯರ್ ಆ ಒಂಬತ್ತರಲ್ಲಿದ್ದ. ಅರ್ಜಿಯಲ್ಲಿ ಈಗಲೂ ಜಾತಿ ಸರ್ಟಿಫಿಕೇಟು ಕೇಳುತ್ತಾರಾ ಎಂದು ಅವನಿಗೆ ಒಂದು ಸಾಲು ಬರೆದೆ. ಅಲ್ಲಿ ಬೆಳಗಾಗಿತ್ತು. ನೀಲಿ ಗೀಟು ಎರಡೂ ಬಂದವು.